ನೀರುಳ್ಳಿ ಅಲ್ಲದ ಹೂವು

ಶುಕ್ರವಾರ ಪೂರ್ತಿ ರಜೆಯಿದ್ದ ಕಾಲವದು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಬೆಳೆದವರಿಗೆ ಬೇರೆ ಹೇಳಬೇಕಿಲ್ಲ: ಆಗ ಮನೆಯಾದರೂ ಸಿಗುತ್ತಿತ್ತು, ಪಾರ್ಕಿಂಗ್ ಸಿಗುತ್ತಿರಲಿಲ್ಲ. ಕಟ್ಟಡದ ಕೆಳಗೇ ಜಾಗ ಸಿಕ್ಕಿದರೆ ಅಪ್ಪ ಕಾರನ್ನು ಅಲ್ಲಾಡಿಸುತ್ತಿರಲಿಲ್ಲ. ಊರೆಲ್ಲ ಮಲಗಿರುವ ಶುಕ್ರವಾರ ಬೆಳಿಗ್ಗೆ ಮಾತ್ರ ಹೊರಡುವುದು, ಪಕ್ಕದ ಮಸೀದಿಯ ನಮಾಜಿಗೆ ಕಾರುಗಳು ಬಂದು ತುಂಬುವ ಮೊದಲೇ ವಾಪಸು.

ಆ ಚಳಿಗಾಲ ಒಳ್ಳೆಯ ಮಳೆ ಬಿದ್ದಿತ್ತು. ಅಲ್ ಐನ್‌ನ ಆಚೆ, ಗುಡ್ಡದ ಬುಡದ ಜಲ್ಲಿ ಬಯಲಿನಲ್ಲಿ ಪುಟ್ಟ ಕಾಡು ಐರಿಸ್ ಬೆಳೆಯುತ್ತದೆ ಎಂದು ಶಾಲೆಯ ಟೀಚರ್ ಹೇಳಿದ್ದರು. ಒಂದೋ ಎರಡೋ ಸಪೂರ ಎಲೆ, ಉದ್ದಕ್ಕೂ ತೋಡು, ತುದಿ ಸುರುಳಿ ಸುತ್ತಿ ನೆಲಕ್ಕೆ ಬಿದ್ದಿರುತ್ತದೆ. ನೇರಳೆ ಹೂ, ಎಸಳಿನ ಮೇಲೆ ಬಿಳಿ ಮಚ್ಚೆ. ಅರಳುವುದು ಮಧ್ಯಾಹ್ನದ ಮೇಲೆ, ಸಂಜೆಗೆ ಬಾಡಿಹೋಗುತ್ತದೆ.

ಎಲೆ ಮೊದಲ ವಾರವೇ ಸಿಕ್ಕಿತು. ಅಪ್ಪ ಬಗ್ಗಿ ನೋಡಿದರು. "ಇದು ನೀರುಳ್ಳಿ ಮಾರಾಯ್ತಿ."

"ಅಲ್ಲ ಅಪ್ಪ, ಐರಿಸ್."

"ಹೂ ತೋರಿಸು, ಆಮೇಲೆ ಒಪ್ತೇನೆ."

"ಮಧ್ಯಾಹ್ನದವರೆಗೆ ನಿಲ್ಲಬೇಕು."

"ಮಧ್ಯಾಹ್ನ ಪಾರ್ಕಿಂಗ್ ಯಾರು, ನಿನ್ನ ಟೀಚರ್ ಕೊಡ್ತಾರಾ? ಯಲ್ಲಾ, ಕಾರು ಹತ್ತು."

ಮರುವಾರವೂ ಇದೇ ಕತೆ, ಅದರ ಮರುವಾರವೂ. ಹೂ ತೋರಿಸು ಎನ್ನುವವರೂ ಅವರೇ, ಮೊಗ್ಗಿನ ಮುಂದಿನಿಂದ ನನ್ನನ್ನು ಎಳೆದುಕೊಂಡು ಹೋಗುವವರೂ ಅವರೇ. ಇಂಥ ಮನುಷ್ಯನ ಜೊತೆ ಏಗುವುದು ಹೇಗೆ? ಕೊನೆಗೊಂದು ಶುಕ್ರವಾರ ನಾನು ಆ ಗಿಡದ ಪಕ್ಕ ಜಲ್ಲಿಯ ಮೇಲೆ ಕೂತುಬಿಟ್ಟೆ. ಬಯ್ದರು, ಏಳಲಿಲ್ಲ. ಕಾರು ಸ್ಟಾರ್ಟ್ ಮಾಡಿದರು, ಆಗಲೂ ಏಳಲಿಲ್ಲ. ಎಂಜಿನ್ ನಿಂತಿತು.

"ಖಲಾಸ್, ಜಾಗ ಹೋಯ್ತು," ಎಂದು ಗೊಣಗುತ್ತ ಬಂದು ಕೂತರು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ತೆರೆದೆವು. ಅದಿನ್ನೂ ಖಾಲಿಯಾಗಿರಲಿಲ್ಲ, ಮೊಗ್ಗು ಸಡಿಲವಾಯಿತು. ಆಮೇಲೆ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಕಾಣಿಸಿತು. ಅಪ್ಪ ಡಬ್ಬಿ ಕೆಳಗಿಟ್ಟು ಹೂವಿನ ಹತ್ತಿರಕ್ಕೆ ಬಗ್ಗಿದರು.

"ನೀರುಳ್ಳಿ ಅಲ್ಲ," ಎಂದರು ಕಡೆಗೆ.

ಸಂಜೆ ಜಾಗ ಹುಡುಕುತ್ತ ಏರಿಯಾವನ್ನೆಲ್ಲ ಸುತ್ತಿ, ಎಲ್ಲೋ ದೂರದಲ್ಲಿ ನಿಲ್ಲಿಸಿ ನಡೆದು ಬಂದೆವು. ದಾರಿಯುದ್ದಕ್ಕೂ ಬಯ್ದರು. ನನಗೆ ಒಂದೂ ತಾಗಲಿಲ್ಲ.

ಈಗ ನನ್ನ ಫ್ಲ್ಯಾಟಿಗೆ ನಂಬರ್ ಹಾಕಿದ ಪಾರ್ಕಿಂಗ್ ಇದೆ. ಯಾವಾಗ ಬಂದರೂ ಖಾಲಿ. ಕಳೆದ ಚಳಿಗಾಲ ಮಗಳನ್ನು ಅದೇ ಬಯಲಿಗೆ ಕರೆದೊಯ್ದೆ. ಅರ್ಧ ಬಯಲಿಗೆ ಈಗ ಬೇಲಿ ಹಾಕಿದ್ದಾರೆ. ಬೆಳಿಗ್ಗೆಯೇ ಅವಳು ಎಲೆಗೆ ಫೋನ್ ಹಿಡಿದು, ಅದು ತೋರಿಸಿದ ಹೆಸರು ಓದಿ, "ಐರಿಸ್, ಮಮ್ಮಿ. ಕ್ಯಾನ್ ವಿ ಗೋ ನೌ?" ಎಂದಳು.

ಹೂ ಬರಲಿ, ನಿಲ್ಲು ಎಂದೆ. ಗೊತ್ತಾಯಿತಲ್ಲ, ಇನ್ನೇಕೆ ನಿಲ್ಲುವುದು ಎಂಬಂತೆ ನೋಡಿ ಕಾರು ಹತ್ತಿದಳು. ಅವಳದ್ದೂ ತಪ್ಪಲ್ಲ. ಹೂ ತೋರಿಸು, ಆಮೇಲೆ ಒಪ್ಪುತ್ತೇನೆ ಎನ್ನಲು ಅಪ್ಪ ಈಗ ಇಲ್ಲ.