ಮಾಕುಟ್ಟದಾಚೆಯ ತಲೆನೋವು

ಗುರುಸಿದ್ದಮ್ಮ ಕುಶಾಲನಗರದ ಮಗ್ಗುಲಿನ ಎರಡು ಊರಿಗೆ ಹದಿಮೂರು ವರ್ಷದಿಂದ ಆಶಾ ಕಾರ್ಯಕರ್ತೆ. ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಯಾವ ಮುದುಕ ಬಿ.ಪಿ. ಮಾತ್ರೆಯನ್ನು ನುಂಗದೆ ಕಿಟಕಿಯಾಚೆ ಎಸೆಯುತ್ತಾನೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ ಇದೆ. ಇಷ್ಟೆಲ್ಲ ತಿಳಿದವಳಿಗೆ ಸ್ವಂತ ಗಂಡನ ತಲೆನೋವೊಂದು ತಿಳಿಯಲಿಲ್ಲ.

ಗಂಡ ಪರಮೇಶಪ್ಪ ಶುಂಠಿ ವ್ಯಾಪಾರಿ. ಹದಿನೈದು ದಿನಕ್ಕೊಮ್ಮೆ ಲೋಡಿನ ಜೊತೆ ಮಾಕುಟ್ಟದ ಗಡಿ ಗೇಟು ದಾಟಿ ಕೇರಳಕ್ಕೆ ಹೋಗಿ, ಮರುದಿನ ಬರುತ್ತಾನೆ. ಬಂದವನೇ ತಲೆಗೆ ಟವೆಲ್ ಬಿಗಿದು ಮಲಗುತ್ತಾನೆ. ಮುಖ ಕೆಂಪಗಾಗಿ ಮೂಗು ಕಟ್ಟಿರುತ್ತದೆ. ಘಾಟಿಯ ತಿರುವುಗಳನ್ನು ಬೈಯುತ್ತಾ ಎರಡು ವರ್ಷ ಅವಳು ಆ ಹಣೆಗೆ ಮುಲಾಮು ತಿಕ್ಕಿದಳು, ಕಷಾಯ ಕುಡಿಸಿದಳು. 'ಬಲ್ಬೆಲ್ಲ ನೀಲಿ ಕಾಣ್ತದೆ' ಎಂದಾಗ ಪೊರೆ ಬಂತೇನೋ ಎಂದು ಕಣ್ಣಿನ ಶಿಬಿರಕ್ಕೆ ಕರೆದೊಯ್ದು ಸಾಲಿನಲ್ಲಿ ನಿಲ್ಲಿಸಿದಳು. ಅದೇ ತಿರುವುಗಳಲ್ಲಿ ಅವನ ಲೋಡಿನ ಲಾರಿ ಓಡಿಸುವ ಡ್ರೈವರ್ ಸಣ್ಣಸ್ವಾಮಿಗೆ ತಲೆ ಯಾಕೆ ನೋಯುವುದಿಲ್ಲ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಮೊನ್ನೆ ಸೋಮವಾರ ಆಶಾ ಕಾರ್ಯಕರ್ತೆಯರಿಗೆ ತರಬೇತಿಯಿತ್ತು. ಗಂಡಸರು ರಾತ್ರಿಗೆಂದು ಚೀಟಿಯಿಲ್ಲದೆ ತಂದು ನುಂಗುವ 'ಶಕ್ತಿ ಮಾತ್ರೆ'ಯ ಬಗ್ಗೆ ಡಾಕ್ಟರ್ ದಿವ್ಯಶ್ರೀ ಮಾತಾಡಿದರು.

"ಒಂದೇ ಮಾತ್ರೆ ಕೆಲವರ ಮೈಯಿಂದ ಬೇಗ ಇಳಿದುಹೋಗ್ತದೆ, ಕೆಲವರಲ್ಲಿ ತುಂಬಾ ಹೊತ್ತು ನಿಲ್ತದೆ. ಅಂಥವರಿಗೆ ತಲೆನೋವು ಬರ್ತದೆ, ಮುಖ ಕೆಂಪಾಗ್ತದೆ, ಮೂಗು ಕಟ್ತದೆ. ಕೆಲವರಿಗೆ ಬೆಳಕೇ ನೀಲಿ ಕಾಣ್ತದೆ. ಅವರಿಗೆ ಕಡಿಮೆ ಪ್ರಮಾಣ ಸಾಕು."

"ಯಾವ ಜಾತಿಯವ್ರಿಗೆ ಜಾಸ್ತಿ ಹೊತ್ತು ನಿಲ್ಲೋದು ಮೇಡಂ?" ಎಂದಳು ಹಿಂದಿನ ಬೆಂಚಿನ ವಿಮಲಮ್ಮ. ಎಲ್ಲರೂ ನಕ್ಕರು.

"ಕೆಲವು ಜನಾಂಗದಲ್ಲಿ ಮಾತ್ರೆ ನಿಧಾನವಾಗಿ ಇಳಿಯೋರು ಹೆಚ್ಚು, ಕೆಲವು ಕಡೆ ಕಡಿಮೆ. ಹಾಗಂತ ಜಾತಿ ಕೇಳಿ ಮಾತ್ರೆ ಅಳೆಯೋಕಾಗಲ್ಲ. ಅಣ್ಣ ತಮ್ಮಂದಿರಲ್ಲೇ ಬೇರೆ ಬೇರೆ ಇರ್ತದೆ."

ಗುರುಸಿದ್ದಮ್ಮ ನಗಲಿಲ್ಲ. 'ವಯಸ್ಸಾಯ್ತು, ಇನ್ನು ಅದೆಲ್ಲ ಯಾಕೆ' ಎಂದು ಪರಮೇಶಪ್ಪ ತನ್ನ ಹಾಸಿಗೆಯನ್ನು ನಡುಮನೆಗೆ ಒಯ್ದು ನಾಲ್ಕು ವರ್ಷವಾಗಿತ್ತು. ಅವಳೂ ಹೂಂ ಎಂದು ತನ್ನ ಆಸೆಯನ್ನು ಮಡಿಚಿಟ್ಟಿದ್ದಳು. ಹಾಗಾದರೆ ಮಾತ್ರೆ ಯಾರಿಗಾಗಿ? ಇನ್ಯಾರದೋ ಮನೆಯಿಂದ ಹೊತ್ತು ತಂದ ನೋವಿಗೆ ತಾನು ಮುಲಾಮು ತಿಕ್ಕಿದೆನಲ್ಲ ಎಂದು ತನ್ನ ಕೈಗಳ ಮೇಲೇ ಅಸಹ್ಯ ಬಂತು. ಆದರೂ ಅದು ಬರೀ ಘಾಟಿಯ ತಲೆನೋವೇ ಇರಬಹುದು ಎಂಬ ಆಸೆ ಒಂದಿಷ್ಟು ಉಳಿದಿತ್ತು.

ಬುಧವಾರ ಹನ್ನೊಂದು ಗಂಟೆಗೆ ಪರಮೇಶಪ್ಪ ಬಂದ. ಅದೇ ಕೆಂಪು ಮುಖ, ಅದೇ ಟವೆಲ್.

"ತಲೆ ಸಿಡೀತಾ ಅದೆ. ಮುಲಾಮು ತಗೊಂಬಾ."

ಅವಳು ಡಬ್ಬಿ ಹಿಡಿದು ಎದುರು ನಿಂತಳು. "ನಿಮ್ಮ ಮೈಗೆ ಅರ್ಧ ಮಾತ್ರೆ ಸಾಕಂತೆ ಕಣ್ರೀ."

'ಯಾವ ಮಾತ್ರೆ?' ಎಂದು ಅವನು ಕೇಳಿದ್ದರೆ ಸಾಕಿತ್ತು. ಮುಚ್ಚಳ ತೆಗೆದು ಮುಲಾಮು ಹಚ್ಚಿಬಿಡುತ್ತಿದ್ದಳು. ಆ ಒಂದು ಮಾತಿಗಾಗಿ ಕಾದಳು.

ಪರಮೇಶಪ್ಪ ಟವೆಲ್ ಸಡಿಲಿಸಿ ಎದ್ದು ಕೂತ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಯಾರು ಹೇಳಿದ್ದು? ಸಣ್ಣಸ್ವಾಮಿಯಾ?"