ಆಯಿಯ ಕಿವಿಗೆ ಕಾಕಾ ಕಟ್ಟಿದ ಪೆಟ್ಟಿಗೆ

ಆಗ ನಮ್ಮ ಬೈಲಹೊಂಗಲದ ಮನೆಯಲ್ಲಿ ಒಂದು ಹಾಡು ಕೇಳಬೇಕೆಂದರೆ ಕರೆಂಟು ಇರಬೇಕಿತ್ತು, ಕ್ಯಾಸೆಟ್ಟಿನ ರೀಲು ಸುತ್ತಿಕೊಳ್ಳದೆ ಇರಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕಾಕಾನ ತಲೆ ನೆಟ್ಟಗಿರಬೇಕಿತ್ತು. ಕಾಕಾ ಎಂದರೆ ಅಪ್ಪನ ತಮ್ಮ. ಹಗಲೆಲ್ಲ ಪೇಟೆಯಲ್ಲಿ ಅರಿವೆ ಅಂಗಡಿ ನಡೆಸುತ್ತಿದ್ದ. ಮನೆಗೆ ಬಂದದ್ದೇ ಅಂಗಿ ಕಳಚಿ, ಪಡಸಾಲೆಯಲ್ಲಿ ವೈರು ಹರವಿಕೊಂಡು ಕೂಡುತ್ತಿದ್ದ. ಬೆಸುಗೆಯ ಹೊಗೆಯೂ ಒಗ್ಗರಣೆಯ ಘಾಟೂ ಕೂಡಿ ಮನೆಗೇ ಒಂದು ವಾಸನೆ ಬಂದಿತ್ತು. ನಮಗೆ ಚೌಕಾಬಾರಾ ಆಡಲು ಪಡಸಾಲೆಯಲ್ಲಿ ಜಾಗ ಉಳಿಯುತ್ತಿರಲಿಲ್ಲ.

ಆ ಬೇಸಿಗೆಯ ಸೂಟಿಯಲ್ಲಿ ಅವನು ಈಕ್ವಲೈಜರ್ ಮಾಡಲು ಕುಳಿತ. ಹಾಡಿನ ದಪ್ಪ ದನಿ, ಸಣ್ಣ ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪೆಟ್ಟಿಗೆ ಅದು. ಶೋಕಿಗೆ ಮಾಡಿದ್ದಲ್ಲ, ಆಯಿಗಾಗಿ ಮಾಡಿದ್ದು. ಅಪ್ಪ, ಕಾಕಾ ಇಬ್ಬರ ತಾಯಿಗೆ ನಾವು ಮಕ್ಕಳು ಆಯಿ ಎನ್ನುತ್ತಿದ್ದೆವು. ಆಯಿಯ ಅಕ್ಕ, ನಮ್ಮ ಮನೋಳಿಯ ಅಜ್ಜಿ, ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಆಗ ಆಯಿ ಜ್ವರದಿಂದ ಹಾಸಿಗೆ ಹಿಡಿದಿದ್ದಳು, ಮಣ್ಣಿಗೆ ಹೋಗಲಾಗಲಿಲ್ಲ. ಅಕ್ಕ ಬೀಸುವ ಹಾಡು ಹೇಳಿದ ಒಂದು ಕ್ಯಾಸೆಟ್ಟು ಮಾತ್ರ ಉಳಿದಿತ್ತು. ಹಾಕಿದರೆ ಆಯಿಗೆ ಕೇಳುತ್ತಿರಲಿಲ್ಲ. ಅವಳ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಹೋಗುವ ಹಾದಿಯಲ್ಲಿತ್ತು. ಅದೂ ಬಹಳ ದಿನ ಬಾಳುವುದಿಲ್ಲವೆಂದು ಬೆಳಗಾವಿಯ ಡಾಕ್ಟರು ಹೇಳಿ ಕಳಿಸಿದ್ದರು. ಸಣ್ಣ ದನಿಯನ್ನಷ್ಟೇ ಎತ್ತಿ ಕೊಟ್ಟರೆ ಕೇಳೀತು ಎಂಬುದು ಕಾಕಾನ ಲೆಕ್ಕ. ಕಿವಿ ಪೂರ್ತಿ ಮುಚ್ಚುವುದರೊಳಗೆ ಒಮ್ಮೆಯಾದರೂ ಕೇಳಿಸಬೇಕೆಂದು ಅವನು ಹಟ ಹಿಡಿದಿದ್ದ.

ಪೆಟ್ಟಿಗೆ ತಯಾರಾಯಿತು. ಚಾಲೂ ಮಾಡಿದರೆ ಹಾಡಿಗಿಂತ ಮೊದಲು ಗುಂಯ್ ಎನ್ನುವ ಸಪ್ಪಳ ಬಂತು. ಹಿಟ್ಟಿನ ಗಿರಣಿ ಬಾಗಿಲಲ್ಲಿ ನಿಂತಹಾಗೆ. ಮನೋಳಿಯ ಅಜ್ಜಿಯ ತೆಳ್ಳಗಿನ ದನಿ ಅದರಲ್ಲಿ ಮುಳುಗಿಹೋಯಿತು.

ಕಾಕಾ ಸೋಲುವ ಕುಳವಲ್ಲ. ಟೇಪ್‌ರೆಕಾರ್ಡರನ್ನು ಒಂದನ್ನೇ ಸೆಲ್ ಹಾಕಿ ನುಡಿಸಿ ನೋಡಿದ, ಅದರಲ್ಲಿ ಗುಂಯ್ ಇರಲಿಲ್ಲ. ಹಾಗಾದರೆ ತಪ್ಪು ಪೆಟ್ಟಿಗೆಯದ್ದೇ ಎಂದು ಕೆಪಾಸಿಟರ್ ಬದಲಿಸಿದ. ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಉದ್ದ ವೈರು ಕಟ್ಟಿ ದೂರ ಇಟ್ಟ. ತಂತಿಯ ಜಾಲಿ ಹೊದಿಸಿದ ವೈರನ್ನು ಹುಬ್ಬಳ್ಳಿಯಿಂದ ತರಿಸಿದ. ಸಪ್ಪಳ ಅಷ್ಟಿಷ್ಟು ಇಳಿದು ಮತ್ತೆ ಅಲ್ಲೇ ಬಂದು ನಿಲ್ಲುತ್ತಿತ್ತು.

ನಮ್ಮ ಮನೆಯಲ್ಲಿ ಅರ್ಥಿಂಗಿನ ಭಕ್ತಿ ಸ್ವಲ್ಪ ಜಾಸ್ತಿ. ಒಂದು ಮಳೆಗಾಲದಲ್ಲಿ ಗೋಡೆ ಮುಟ್ಟಿ ಅಪ್ಪನಿಗೆ ಶಾಕ್ ಹೊಡೆದ ಮೇಲೆ, ಸೋರಿದ ಕರೆಂಟು ಭೂಮಿಗಿಳಿಯಲೆಂದು ಹಿತ್ತಲಲ್ಲಿ ತಗ್ಗು ತೋಡಿ ಇದ್ದಿಲು, ಉಪ್ಪು ತುಂಬಿ ಕಬ್ಬಿಣದ ಸಲಾಕೆ ನೆಟ್ಟಿದ್ದರು. ಬೇಸಿಗೆಯಲ್ಲಿ ಅದು ಒಣಗಬಾರದೆಂದು ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಉಳಿದ ನೀರನ್ನು ಸಲಾಕೆಯ ಬುಡಕ್ಕೆ ಸುರಿಯುವುದು ನನ್ನ ಪಾಲಿನ ಕೆಲಸ. ಕಾಕಾ ತನ್ನ ಪೆಟ್ಟಿಗೆಯನ್ನು ನಳದ ಪೈಪಿಗೂ ಕಟ್ಟಿದ್ದ, ಈ ಸಲಾಕೆಗೂ ಕಟ್ಟಿದ್ದ. ಎರಡು ಕಡೆ ಕಟ್ಟಿದರೆ ಇನ್ನೂ ಭದ್ರ ಎಂದು ಅಪ್ಪನೂ ತಲೆದೂಗಿದ್ದ. ಗುಂಯ್ ನಿಲ್ಲದಾದಾಗ ಅರ್ಥ್ ಸಾಲುತ್ತಿಲ್ಲವೆಂದು ಇಬ್ಬರೂ ಕೂಡಿ ತೀರ್ಮಾನಿಸಿದರು. ನನಗೆ ಬಿಂದಿಗೆ ಹೊರುವ ಶಿಕ್ಷೆ ಬಂತು. ನಾನು ಹೊತ್ತು ಹೊತ್ತು ಸುರಿದೆ. ತುಳಸಿಗಿಂತ ಸಲಾಕೆಗೇ ಹೆಚ್ಚು ನೀರು ಹೋಯಿತು.

ಆಯಿ ದಿನವೂ ಸ್ಪೀಕರಿನ ಪಕ್ಕ ಶೇಂಗಾ ಸುಲಿಯುತ್ತ ಕೂಡುತ್ತಿದ್ದಳು. ಒಂದು ಮುಂಜಾನೆ ಕಾಕಾನನ್ನು ಕರೆದು, ನೀರು ಹಾಕಿದ ಮೇಲೆ ಸಪ್ಪಳ ಹೆಚ್ಚಾಗುತ್ತದೆ ಎಂದಳು. ಬಾಗಿಲಿನ ಗಂಟೆಯೇ ಕೇಳದವಳಿಗೆ ಇದು ಹೇಗೆ ಕೇಳುತ್ತದೆಂದು ಕಾಕಾ ನಕ್ಕುಬಿಟ್ಟ.

“ಸಣ್ಣ ದನಿ ಕೇಳೂದಿಲ್ಲಪಾ, ದಪ್ಪ ಸಪ್ಪಳ ಛಲೋ ಕೇಳತೈತಿ” ಎಂದಳು ಆಯಿ. “ಈ ಹುಡುಗಿ ನೀರ ಹಾಕಿ ಒಳಗ ಬರೂದಕ್ಕ, ಅದು ಜೋರ ಆಗೂದಕ್ಕ ಸರಿ ಆಗತೈತಿ. ನೀ ಬೇಕಾದ್ರ ನೋಡು.”

ನಕ್ಕರೂ ಕಾಕಾ ಮಾತು ತಳ್ಳಿಹಾಕಲಿಲ್ಲ. ನೀರು ನಿಲ್ಲಿಸು ಎಂದ. ನನಗಂತೂ ಹಬ್ಬವಾಯಿತು. ಬೈಲಹೊಂಗಲದ ಬಿಸಿಲಿಗೆ ಸಲಾಕೆಯ ಬುಡ ಬಿರುಕು ಬಿಟ್ಟಂತೆ ಗುಂಯ್ ಕೂಡ ಸೊರಗಿತು. ಆಗ ಅವನಿಗೆ ಹೊಳೆಯಿತು. ಎರಡು ಕಡೆ ಭೂಮಿಗೆ ಕಟ್ಟಿದ್ದರಿಂದ ಕರೆಂಟು ಪೆಟ್ಟಿಗೆಯ ಮೂಲಕ ಆ ತಂತಿಗಳಲ್ಲೇ ಸುತ್ತು ಹೊಡೆಯುತ್ತಿತ್ತು. ನಾನು ನೀರು ಸುರಿದಷ್ಟೂ ಅದರ ದಾರಿ ಸಲೀಸಾಗುತ್ತಿತ್ತು. ಪೈಪಿನದನ್ನು ತೆಗೆದು, ಪೆಟ್ಟಿಗೆಗೆ ಸಲಾಕೆಯ ಒಂದೇ ತಂತಿ ಉಳಿಸಿದ. ಸ್ಪೀಕರು ಗಪ್ಪಾಯಿತು. ನನಗೆ ಮತ್ತೆ ಬಿಂದಿಗೆಯ ಕೆಲಸ ಶುರುವಾಯಿತು.

ಕ್ಯಾಸೆಟ್ಟು ಹಾಕಿ ಸಣ್ಣ ದನಿಯ ಗುಂಡಿಗಳನ್ನೆಲ್ಲ ಮೇಲಕ್ಕೇರಿಸಿದ. ಮನೋಳಿಯ ಅಜ್ಜಿ ಒಂದು ಸಾಲು ಹಾಡಿ ನಿಲ್ಲಿಸಿದಳು. ಬರೀ ಮೌನ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಾಲು, ಮತ್ತೆ ಮೌನ. ಮುದುಕಿ ದಮ್ಮು ಹತ್ತಿ ನಿಲ್ಲಿಸುತ್ತಿರಬೇಕು ಎಂದುಕೊಂಡೆ. ಆಯಿಯ ಕೈ ಶೇಂಗಾದ ಮೇಲೆ ನಿಂತಿತ್ತು. ಮೂರನೆಯ ಸಲ ಅಕ್ಕ ನಿಲ್ಲಿಸಿದಾಗ ಆಯಿ ಬಾಯಿ ತೆರೆದು ಮುಂದಿನ ಸಾಲು ಹೇಳಿದಳು. ಅವಳು ಮುಗಿಸುವುದಕ್ಕೂ ಅಕ್ಕ ಮತ್ತೆ ಎತ್ತಿಕೊಳ್ಳುವುದಕ್ಕೂ ಸರಿಹೋಯಿತು. ಕೊನೆಯ ತನಕ ಹಾಗೆಯೇ ನಡೆಯಿತು. ಹಾಡು ಮುಗಿದ ಮೇಲೆ ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ಕಾಕಾನಿಗೆ ಹೇಳಿದಳು: “ಒಂದ ಕಲ್ಲಿಗೆ ಕುಂತ ಬೀಸಿದವ್ರಪಾ ನಾವು. ಒಬ್ಬಾಕಿನ ಕುಂತಾಗೂ ನನ್ನ ಸಾಲ ನನಗ ಬಿಟ್ಟಾಳ ನೋಡು.”

ಕಾಕಾ ಎದ್ದು ಹಿತ್ತಲಿಗೆ ಹೋದ. ನನಗೂ ಅಳು ಬಂತು.

ಮರುವರ್ಷದ ಹೊತ್ತಿಗೆ ಆಯಿಗೆ ಏನೂ ಕೇಳದಾಯಿತು. ಈಗ ಅವಳೂ ಇಲ್ಲ, ಕಾಕಾನೂ ಇಲ್ಲ. ಅವಳು ಹಾಡಿದ್ದನ್ನು ಹಿಡಿದಿಟ್ಟುಕೊಳ್ಳಬೇಕೆಂದು ಅಂದು ಯಾರಿಗೂ ಹೊಳೆಯಲಿಲ್ಲ. ಕ್ಯಾಸೆಟ್ಟನ್ನು ಮಾತ್ರ ನಾನು ಮೊನ್ನೆ ಮೊಬೈಲಿಗೆ ಹಾಕಿಸಿಕೊಂಡೆ. ಅಂಗಡಿಯವರು ಬಹಳ ಕಾಳಜಿಯಿಂದ ಮಾಡಿಕೊಟ್ಟಿದ್ದಾರೆ. ಗುಂಯ್ ಇಲ್ಲ, ಕರಕರ ಇಲ್ಲ. ರೀಲು ಜೀರ್ಣವಾಗಿತ್ತು, ಒಮ್ಮೆ ನುಡಿಸಿ ಮುಗಿಯುವಷ್ಟರಲ್ಲಿ ತುಂಡುತುಂಡಾಯಿತು, ಅದಕ್ಕೆ ಪಾಪ ಬೇಜಾರು ಮಾಡಿಕೊಂಡರು. ಮನೆಗೆ ಬಂದು ಕೇಳಿದೆ. ಮನೋಳಿಯ ಅಜ್ಜಿ ಎಲ್ಲಿಯೂ ನಿಲ್ಲದೆ ಒಂದರ ಹಿಂದೊಂದು ಸಾಲು ಹಾಡುತ್ತ ಹೋದಳು. ಫೋನು ಮಾಡಿ ಕೇಳಿದರೆ, ನಡುನಡುವೆ ಖಾಲಿ ಇತ್ತು ಮೇಡಂ, ಏನೂ ಇರಲಿಲ್ಲ, ಅದನ್ನೆಲ್ಲ ತೆಗೆದು ಕೂಡಿಸಿದ್ದೇವೆ ಎಂದರು.