ಗಾಳಿ ಹೊಡೆಸಿದ ಚೀಲ

ಮೂವತ್ತೊಂದೂವರೆ ಸಾವಿರ ರೂಪಾಯಿ. ಅಂಗಡಿಯವನು ಮೊದಲು ಹೇಳಿದ್ದು ಮೂವತ್ತೆಂಟು. ಬರೀ ಗುಡಿಸುವ ರೋಬೋಟ್ ಸಾಕು ಅಂದಿದ್ದರೆ ಅರ್ಧ ದುಡ್ಡಿಗೆ ಮುಗಿಯುತ್ತಿತ್ತು. ಉಳಿದ ಅರ್ಧ ಹೋದದ್ದು ಅದರ ಗೂಡಿಗೆ. ಡಾಕ್ ಅನ್ನುತ್ತಾರೆ, ಮೊಣಕಾಲೆತ್ತರದ ಪ್ಲಾಸ್ಟಿಕ್ ಡಬ್ಬ. ಚಪ್ಪಟೆ ಯಂತ್ರ ಮನೆಯೆಲ್ಲ ತಿರುಗಿ ಕಸ ನುಂಗಿ ಬಂದು ಅದಕ್ಕೆ ಅಂಟಿಕೊಂಡು ನಿಂತರೆ, ಡಾಕ್ ಗುರ್ರೆಂದು ಅದರ ಹೊಟ್ಟೆಯಲ್ಲಿರುವುದನ್ನೆಲ್ಲ ಎಳೆದು ತನ್ನೊಳಗಿನ ಚೀಲಕ್ಕೆ ತುಂಬಿಕೊಳ್ಳುತ್ತದೆ. ಧೂಳು ಮನುಷ್ಯರ ಕೈಗೂ ಮೂಗಿಗೂ ತಾಗುವುದಿಲ್ಲ. ಹೆಚ್ಚಿನ ದುಡ್ಡು ಕೊಟ್ಟದ್ದು ಅದಕ್ಕೆ.

ನಮ್ಮ ಮನೆ ಸಂಡೂರಿನಲ್ಲಿ, ಅದಿರಿನ ಲಾರಿಗಳು ಓಡಾಡುವ ರಸ್ತೆಗೇ ಇದೆ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳೆಳೆದರೆ ಗೆರೆ ಮೂಡುತ್ತದೆ. ಮದುವೆಯಾಗಿ ಬಂದ ದಿನದಿಂದ ನನ್ನ ಹೆಂಡತಿ ಆ ಕೆಂಪು ಧೂಳನ್ನು ದಿನಕ್ಕೆ ಮೂರು ಸಲ ಗುಡಿಸಿದವಳು. ಹೊಸಪೇಟೆಯ ಡಾಕ್ಟರು ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇನ್ನ ಮ್ಯಾಲೆ ಕಸಬರಿಗಿ ಮುಟ್ಟಬ್ಯಾಡ್ರಿ ಅಮ್ಮಾ. ಇದ್ದಷ್ಟು ಉಸಿರು ಉಳಿಸ್ಕೋಬೇಕು. ಹೋದದ್ದು ವಾಪಸ್ ಬರಂಗಿಲ್ಲ" ಅಂದರು.

"ಹಂಗಾರ ಇವರು ಗುಡಸ್ತಾರೇನ್ರಿ? ಇವರು ಗುಡಸೋದು ನೋಡಿದ್ರ ನಂಗ ಹಾರ್ಟೂ ನಿಲ್ತೈತಿ" ಅಂದಳು ಇವಳು. ಡಾಕ್ಟರು ನಕ್ಕರು. ಅವಳೂ ನಕ್ಕಳು, ಆದರೆ ಅವಳ ನಗು ಕೆಮ್ಮಾಗಿ ಮುಗಿಯಿತು.

ಕೆಲಸದವಳನ್ನು ಇಟ್ಟು ನೋಡಿದೆವು. ಕಸಬರಿಗೆ ಯಾರ ಕೈಯಲ್ಲಿದ್ದರೇನು, ಎದ್ದ ಧೂಳು ಅದೇ ಕೋಣೆಯಲ್ಲಿ ಇಳಿಯುತ್ತದೆ. ಬರೀ ರೋಬೋಟ್ ತಂದರೆ ಅದರ ಪುಟ್ಟ ಡಬ್ಬಿಯನ್ನು ದಿನಾ ಬಿಚ್ಚಿ ಕೊಡವಬೇಕು. ನಾನು ಅಂಗಡಿಗೆ ಹೋದ ಮೇಲೆ ಕೊಡವುವವಳು ಅವಳೇ. ಹಾಗಾಗಿ ಡಾಕ್ ಇರುವುದೇ ಬೇಕು ಅಂತ ನಿರ್ಧಾರ ಮಾಡಿದೆ.

ನಾನು ಲಾರಿ ಬಿಡಿಭಾಗಗಳ ವ್ಯಾಪಾರಿ. ಬುಕ್ಕಸಾಗರದಿಂದ ಬರಿಗೈಯಲ್ಲಿ ಬಂದು, ಮೊದಲು ಗುಜರಿ ಲಾರಿಗಳಿಂದ ಬಿಚ್ಚಿದ ಸಾಮಾನು ಮಾರಿ, ಆಮೇಲೆ ಸ್ವಂತ ಅಂಗಡಿ ಹಾಕಿದವನು. ಹೇಳಿದ ಬೆಲೆಗೆ ಒಂದು ಬೋಲ್ಟನ್ನೂ ಕೊಂಡವನಲ್ಲ, ನೋಡದೆ ಕೊಂಡವನಂತೂ ಅಲ್ಲ. ಹೊಸಪೇಟೆಯ ಶೋರೂಮಿಗೆ ಹೋಗುವಾಗ ನಮ್ಮ ಕಟ್ಟೆಯ ಧೂಳನ್ನೇ ಒಂದು ಪೊಟ್ಟಣ ಕಟ್ಟಿಕೊಂಡು ಹೋದೆ. ಅಲ್ಲಿನ ಸೇಲ್ಸ್‌ಮನ್ ಮಂಡಕ್ಕಿ ಚೆಲ್ಲಿ ಯಂತ್ರ ಓಡಿಸಿ ತೋರಿಸಿದ.

"ಮಂಡಕ್ಕಿ ನಾವು ತಿಂತೀವಪಾ, ನೆಲಕ್ಕ ಚೆಲ್ಲಂಗಿಲ್ಲ. ಇದನ್ನ ಎತ್ತಲಿ ನೋಡೋಣು" ಎಂದು ಪೊಟ್ಟಣ ಬಿಚ್ಚಿ ಬಿಳಿ ಟೈಲ್ಸಿನ ಮೇಲೆ ಸುರಿದೆ.

"ಸರ್, ಸರ್, ಇದು ಶೋರೂಮು!"

"ನಮ್ಮನಿ ಶೋರೂಮಲ್ಲ. ಅದಕ್ಕ ತಂದೀನಿ."

ಹೆಂಡತಿ ಸೆರಗನ್ನು ಮೂಗಿಗೆ ಹಿಡಿದು ದೂರ ಸರಿದು ನಿಂತು, ಪಕ್ಕದ ಗಿರಾಕಿಗೆ "ನಾ ಇವರ ಜೋಡಿ ಬಂದಾಕಿ ಅಲ್ರಿ" ಅಂದಳು.

ಅಗ್ಗದ ಯಂತ್ರ ಕೆಂಪು ಗೆರೆ ಬಿಟ್ಟು ಹೋಯಿತು. ಇನ್ನೊಂದು ಚೆನ್ನಾಗಿ ಎತ್ತಿತು, ಆದರೆ ಅದರ ಡಾಕಿನಲ್ಲಿ ಚೀಲವಿರಲಿಲ್ಲ, ಬರೀ ಡಬ್ಬಿ. "ಚೀಲದ ಖರ್ಚೇ ಇಲ್ಲ ಸರ್, ಬಿಚ್ಚಿ ಸುರಿದ್ರ ಆತು" ಅಂದ. ಬಿಚ್ಚಿ ತೋರಿಸು ಅಂದೆ. ಬಿಚ್ಚಿದ, ಡಬ್ಬಿಯಿಂದ ಕೆಂಪು ಹೊಗೆ ಎದ್ದಿತು, ದೂರ ನಿಂತವಳಿಗೂ ಕೆಮ್ಮು ಬಂತು. ಅಲ್ಲಿಗೆ ಅದು ಬೇಡವಾಯಿತು. ಮೂರನೆಯದು ಚೀಲದ ಡಾಕ್. ತುಂಬಿದ ಚೀಲವನ್ನು ಹೊರಗೆಳೆದರೆ ಅದರ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಹಾಗೇ ಒಯ್ದು ಬಿಸಾಡುವುದು. ನನಗೆ ಬೇಕಿದ್ದದ್ದು ಅದೇ. ಆಯ್ಕೆಯಲ್ಲಿ ನಾನು ತಪ್ಪಲಿಲ್ಲ ಎಂದು ಈಗಲೂ ಹೇಳುತ್ತೇನೆ.

"ಮೂವತ್ತೊಂದೂವರೆ. ಮ್ಯಾಲೆ ಆರು ಚೀಲ."

"ಸರ್, ನಂಗ ಏನೂ ಉಳಿಯಂಗಿಲ್ಲ ಸರ್."

"ಕೊಟ್ಟುಬಿಡಪ್ಪಾ" ಅಂದಳು ಹೆಂಡತಿ. "ಇಲ್ಲಾಂದ್ರ ಆ ಸುರಿದ ಧೂಳೂ ವಾಪಸ್ ಕೇಳ್ತಾರ."

ಹಾಲಿನಲ್ಲಿ ಸರಿಯಾದ ಪ್ಲಗ್ ಪಾಯಿಂಟ್ ಇದ್ದದ್ದು ಅವಳ ಮಂಚದ ಪಕ್ಕದ ಮೂಲೆಯಲ್ಲಿ ಒಂದೇ. ಹೊಸ ವೈರಿಂಗ್ ಯಾಕೆ ಎಂದು ಡಾಕನ್ನು ಅಲ್ಲೇ ಇಟ್ಟೆ. ಯಂತ್ರ ಓಡುವ ಹೊತ್ತನ್ನು ಸಂಜೆಗೆ ಇಡಬೇಕೆಂದಿದ್ದೆ, ನಾನೂ ನೋಡಬಹುದು ಅಂತ. ಅವಳು ಒಪ್ಪಲಿಲ್ಲ.

"ದೀಪ ಹಚ್ಚೂ ಹೊತ್ತಿನಾಗ ಕಸ ಹೊಡದ್ರ ಲಕ್ಷ್ಮಿ ಹೋಗ್ತಾಳ."

"ಹೊಡಿಯೋದು ಯಂತ್ರ ಅಲ್ಲೇನು?"

"ಯಂತ್ರಕ್ಕ ಬ್ಯಾರೆ ಲಕ್ಷ್ಮಿ ಅದಾಳೇನು?"

ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟೆ. ಆ ಹೊತ್ತಿಗೆ ನಾನು ಯಾವಾಗಲೂ ಅಂಗಡಿಯಲ್ಲಿ. ದಿನಾ ಹನ್ನೊಂದು ದಾಟಿದ ಮೇಲೆ ಅವಳ ಫೋನ್ ಬರುತ್ತಿತ್ತು. ಕಾಲು ಮೇಲೆ ಮಾಡಿಕೊಂಡು ಮಂಚದ ಮೇಲೆ ಕೂತು ಕ್ರಿಕೆಟ್ಟಿನ ಕಾಮೆಂಟರಿ ಹೇಳಿದ ಹಾಗೆ ಹೇಳುತ್ತಿದ್ದಳು. "ನೋಡ್ರಿ, ಸೋಫಾದ ಕೆಳಗ ಹೊಕ್ಕಾಳ. ಹೊರಗ ಬರಾಕ ದಾರಿ ಗೊತ್ತಿಲ್ಲ, ನಿಮ್ಮ ತಮ್ಮನಂಗ. ಹಾಂ, ಬಂದ್ಳು. ಹೊಟ್ಟಿ ತುಂಬಿತು, ತವರಿಗೆ ಹೊಂಟ್ಳು." ಅವಳ ಲೆಕ್ಕದಲ್ಲಿ ಡಾಕ್ ಅಂದರೆ ಆ ಯಂತ್ರದ ತವರುಮನೆ, ದಿನಾ ಬಸಿರಾಗಿ ಅಲ್ಲಿಗೆ ಹೋಗಿ ಹೆತ್ತು ಬರುವುದು. ಹಿಂದಿನಿಂದ ಡಾಕ್ ಗುರ್ರೆನ್ನುವುದು ಕೇಳುತ್ತಿತ್ತು. "ಹೆರಿಗಿ ಆತು. ಇಡ್ತೀನ್ರಿ." ಗಿರಾಕಿಗಳ ಮುಂದೆ ಸಿಟ್ಟು ಬಂದವನಂತೆ ನಟಿಸುತ್ತಿದ್ದೆ. ಆ ಮೂರು ನಾಲ್ಕು ತಿಂಗಳು ಅವಳು ಚೆನ್ನಾಗಿದ್ದಳು. ಒಂದೇ ಉಸಿರಿನಲ್ಲಿ ಅಷ್ಟು ಮಾತು ಆಡುತ್ತಿದ್ದಳು.

ಚೀಲಕ್ಕೆ ಎರಡು ತಿಂಗಳು ಬಾಳಿಕೆ ಎಂದು ಸೇಲ್ಸ್‌ಮನ್ ಹೇಳಿದ್ದ. ನಮ್ಮ ಮನೆಯಲ್ಲಿ ಹದಿನೆಂಟನೇ ದಿನಕ್ಕೇ ಡಾಕಿನ ಮೇಲೆ ಚೀಲ ಬದಲಿಸು ಎನ್ನುವ ಕೆಂಪು ಲೈಟು ಬಂತು. ತೆಗೆದು ನೋಡಿದರೆ ಚೀಲ ಅರ್ಧವೂ ತುಂಬಿಲ್ಲ. ಅದಿರಿನ ಧೂಳು ಕೂದಲು, ನೂಲಿನ ಕಸದಂತಲ್ಲ, ಹಿಟ್ಟಿಗಿಂತ ನುಣುಪು. ಚೀಲದ ಒಳಮೈಗೆ ಮೆತ್ತಿಕೊಂಡು ಗಾಳಿ ಹಾಯುವ ಕಣ್ಣುಗಳನ್ನು ಕಟ್ಟಿಬಿಡುತ್ತದೆ; ಗಾಳಿ ಹಾಯದಿದ್ದರೆ ಲೈಟು ಕೆಂಪಾಗುತ್ತದೆ. ಹೀಗೆ ಆರು ಚೀಲ ನಾಲ್ಕು ತಿಂಗಳೊಳಗೆ ಮುಗಿದವು. ಹೊಸದಕ್ಕೆ ಒಂದೊಂದಕ್ಕೆ ಐನೂರರ ಹತ್ತಿರ. ಮೂರು ತರಿಸಿದೆ. ಅವುಗಳಲ್ಲಿ ಮೊದಲನೆಯದೂ ಹಾಗೇ ಕಟ್ಟಿಕೊಂಡಿತು. ದುಡ್ಡು ಇರಲಿಲ್ಲವೆಂದಲ್ಲ. ಅರ್ಧ ಖಾಲಿ ಇರುವ ಚೀಲವನ್ನು ಬಿಸಾಡಲು ನನಗೆ ಮನಸ್ಸು ಬರಲಿಲ್ಲ, ಅಷ್ಟೇ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಅದಿರಿನ ಲಾರಿಯ ಏರ್ ಫಿಲ್ಟರ್ ಕಟ್ಟಿಕೊಂಡರೆ ಯಾರೂ ಒಮ್ಮೆಲೇ ಹೊಸದು ಹಾಕುವುದಿಲ್ಲ. ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್‌ನಿಂದ ಗಾಳಿ ಹೊಡೆಸುತ್ತಾರೆ. ಕೆಂಪು ಮೋಡ ಹಾರುತ್ತದೆ, ಫಿಲ್ಟರ್ ಹೊಸದರಂತೆ ಕಾಣುತ್ತದೆ, ಮತ್ತೆ ಅದನ್ನೇ ಹಾಕುತ್ತಾರೆ. ಎರಡು ಮೂರು ಸಲ ಹೀಗಾದರೆ ಅದರ ಕಣ್ಣು ಅಗಲವಾಗಿ ಧೂಳು ನೇರ ಎಂಜಿನ್ನಿಗೆ ಇಳಿಯುತ್ತದೆ. ಇದನ್ನು ಡ್ರೈವರುಗಳಿಗೆ ದಿನಾ ಹೇಳುವವನು ನಾನೇ. "ಲೇ, ಫಿಲ್ಟರ್ ಉಳಸಾಕ ಹೋಗಿ ಎಂಜಿನ್ ಕಳ್ಕೋಬ್ಯಾಡ" ಎಂದು ಹೇಳಿ ಹೇಳಿಯೇ ಎಷ್ಟೋ ಫಿಲ್ಟರ್ ಮಾರಿದ್ದೇನೆ.

ಅಂಥ ನಾನು ಆ ಚೀಲದ ತಳ ಕತ್ತರಿಸಿ, ಧೂಳು ಸುರಿದು, ಡಾಕಿನೊಳಗಿನ ಪುಟ್ಟ ಫಿಲ್ಟರನ್ನೂ ಜೊತೆಗೆ ತೆಗೆದುಕೊಂಡು ಅಂಗಡಿ ಪಕ್ಕದ ಪಂಕ್ಚರ್‌ನವನ ಹತ್ತಿರ ಹೋದೆ. ಅವನು ನನ್ನ ಹಳೆಯ ಗೆಳೆಯ.

"ಏನ್ ಸಾವ್ಕಾರ್ರ, ಊರಿಗೆಲ್ಲ ಬುದ್ಧಿ ಹೇಳಾವ್ರು ನೀವ ಗಾಳಿ ಹೊಡಸಾಕ ಬಂದೀರಲ್ಲ!"

"ಹೊಡಿಯಪಾ ಸುಮ್ನ. ಇದೇನ್ ಎಂಜಿನ್ನೇನು? ಮನಿ ಕಸದ ಚೀಲ."

ಅವನು ಹೊಡೆದ. ತಳ ಮಡಿಸಿ ಅಗಲದ ಟೇಪು ಹಚ್ಚಿದೆ. ಡಾಕಿಗೆ ಹಾಕಿದರೆ ಲೈಟು ಹಸಿರು. ಆವತ್ತು ನಾನು ಗೆದ್ದವನಂತೆ ಊಟ ಮಾಡಿದೆ. ಆ ಮೂರು ಚೀಲಗಳಲ್ಲೇ ಸರದಿಯ ಮೇಲೆ ಕಾಲ ತಳ್ಳಿದೆ. ಪ್ರತಿಯೊಂದಕ್ಕೂ ಮೂರು ಮೂರು ಸಲ ಗಾಳಿ ಹೊಡೆಸಿದೆ.

ಅದೇ ದಿನಗಳಲ್ಲಿ ಒಂದು ಹನ್ನೊಂದು ಗಂಟೆಯ ಫೋನಿನಲ್ಲಿ ಅವಳು, "ಏನ್ರಿ, ಹೆರಿಗಿ ಟೈಮಿನಾಗ ಮಣ್ಣಿನ ವಾಸನಿ ಬರ್ತೈತಿ" ಅಂದಳು.

"ಲೈಟ್ ಯಾವ ಬಣ್ಣ ಐತಿ?"

"ಹಸರು."

"ಮತ್ತೇನು? ಕಂಪನಿಯವರಿಗಿಂತ ನಿನ್ನ ಮೂಗು ಶಾಣ್ಯಾ ಏನು?"

"ಮದುವಿಗಿಂತ ಮೊದಲು ಶಾಣ್ಯಾ ಇತ್ತು" ಅಂದು ನಕ್ಕು ಫೋನ್ ಇಟ್ಟಳು. ವಾಸನೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಆಮೇಲೆ ಕಾಮೆಂಟರಿ ಚಿಕ್ಕದಾಗುತ್ತ ಬಂತು. ನಡುನಡುವೆ ಕೆಮ್ಮು. ನನ್ನ ತಮ್ಮ ಅದರಲ್ಲಿ ಬರುವುದು ನಿಂತಿತು. ಚಳಿಗಾಲ, ಲಾರಿಗಳೂ ಹೆಚ್ಚಾಗಿವೆ ಎಂದುಕೊಂಡೆ. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಹಾಲಿಗೆ ಬರಲು ಅವಳು ಎರಡು ಸಲ ಗೋಡೆ ಹಿಡಿದು ನಿಂತಳು. ಹೊಸಪೇಟೆಗೆ ಕರೆದೊಯ್ದೆ, ಆಸ್ಪತ್ರೆಗೆ ಸೇರಿಸಿಕೊಂಡರು.

ಮೂರನೇ ದಿನ ಅವಳ ಬಟ್ಟೆ ಒಯ್ಯಲು ಮನೆಗೆ ಬಂದೆ. ನಿದ್ದೆಗೆಟ್ಟ ಕಣ್ಣು, ಅವಳ ಮಂಚದ ಮೇಲೆ ಕೂತೆ. ಅಷ್ಟರಲ್ಲಿ ಹನ್ನೊಂದಾಗಿರಬೇಕು, ಯಂತ್ರ ತಾನಾಗಿ ಹೊರಟಿತು. ಕೆಲಸದ ದಿನ ಆ ಹೊತ್ತಿನಲ್ಲಿ ನಾನು ಆ ಮಂಚದ ಮೇಲೆ ಕೂತದ್ದು ಅದೇ ಮೊದಲು. ಕಿಟಕಿಯಿಂದ ಬಿಸಿಲಿನ ಕೋಲು ಮೂಲೆಗೆ ಬಿದ್ದಿತ್ತು. ಯಂತ್ರ ಸುತ್ತಿ ಬಂದು ಡಾಕಿಗೆ ಅಂಟಿ ನಿಂತಿತು, ಡಾಕ್ ಗುರ್ರೆಂದಿತು. ಅದರ ಹಿಂದಿನ ಗಾಳಿ ಬಿಡುವ ಸೀಳುಗಳಿಂದ ಸಣ್ಣ ಕೆಂಪು ಆವಿಯಂಥದ್ದು ಎದ್ದು, ಬಿಸಿಲಿನಲ್ಲಿ ಹೊರಳಿ, ಮೆಲ್ಲಗೆ ಮಂಚದ ಕಡೆ ಬಂತು. ಬಿಸಿಲಿಲ್ಲದ ಕಡೆ ಏನೂ ಕಾಣಿಸುತ್ತಿರಲಿಲ್ಲ. ವಾಸನೆ ಮಾತ್ರ ಬಂತು. ಮಣ್ಣಿನ ವಾಸನೆ.

ಡಾಕ್ ಸರಿಸಿ ನೋಡಿದೆ. ಹಿಂದಿನ ಗೋಡೆಯಲ್ಲಿ ಬೀಸಣಿಗೆಯಾಕಾರದ ಕೆಂಪು ಕಲೆ, ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಸುಣ್ಣ ಕಿತ್ತುಬಂದ ಜಾಗ. ಮಂಚದ ಕೆಳಗೆ ಆ ಬಟ್ಟೆ, ಹಿಂಡಿ ಮಡಿಸಿ ಇಟ್ಟದ್ದು, ಇಟ್ಟಿಗೆಯ ಬಣ್ಣದ್ದು. ಚೀಲವನ್ನು ಬೆಳಕಿಗೆ ಹಿಡಿದೆ. ಎಕ್ಸ್‌ರೇ ಹಿಡಿದ ಡಾಕ್ಟರಂತೆ ಹಿಡಿದೆ. ಹಿಟ್ಟಿನ ಜರಡಿಯಂತೆ ಕಂಡಿತು. ಚೀಲದ ಕಣ್ಣು ಅಗಲವಾದರೆ ಗಾಳಿ ಇನ್ನೂ ಸಲೀಸಾಗಿ ಹಾಯುತ್ತದೆ; ಲೈಟು ಹಸಿರಾಗಿಯೇ ಇರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ಎಲ್ಲ ಹೇಳಿದೆ. "ಗ್ವಾಡಿ ಒರಸ್ತಿದ್ದಿ. ನಂಗ್ಯಾಕ ಹೇಳಲಿಲ್ಲ?" ಅಂದೆ.

ಮುಖದ ಮಾಸ್ಕನ್ನು ಸ್ವಲ್ಪ ಎತ್ತಿದಳು. "ಹೇಳಿದ್ನಲ್ರಿ." ಉಸಿರು ತೆಗೆದುಕೊಂಡಳು. "ಹಸರು ಐತಲ್ಲ ಅಂದ್ರಿ."

ಡಾಕ್ಟರನ್ನು ಹೊರಗೆ ಹಿಡಿದು ಕೇಳಿದೆ, ನನ್ನ ಚೀಲದಿಂದ ಎಷ್ಟು, ರಸ್ತೆಯಿಂದ ಎಷ್ಟು ಅಂತ. ಅಲ್ಲಿಯೂ ನಾನು ಚೌಕಾಸಿಗೇ ಇಳಿದಿದ್ದೆ, ನನ್ನ ಪಾಲನ್ನು ಸ್ವಲ್ಪ ಇಳಿಸಲಿ ಎಂದು. "ಇದು ಭಾಳ ವರ್ಷದ ಧೂಳ್ರಿ, ನಿಮ್ಮ ಚೀಲದ್ದೊಂದ ಅಲ್ಲ" ಅಂದರು. ನಾನು ದಾರಿ ಬಿಡಲಿಲ್ಲ. "ಆದ್ರ ಉಳದ ಉಸಿರ ಸ್ವಲ್ಪ ಇತ್ತು. ಅದರಾಗಿಂದ ಹೋತು" ಎಂದು ಮುಂದಿನ ಹಾಸಿಗೆಗೆ ನಡೆದರು.

ಈಗ ಅವಳು ಮನೆಗೆ ಬಂದಿದ್ದಾಳೆ, ಮಂಚದ ಪಕ್ಕದ ಪ್ಲಗ್ಗಿಗೆ ಆಕ್ಸಿಜನ್ ಯಂತ್ರ ಹಾಕಿದೆ. ಡಾಕಿಗೆ ಹೊಸ ವೈರಿಂಗ್ ಮಾಡಿಸಿ ಹಿತ್ತಲ ಬಾಗಿಲ ಹೊರಗಿನ ಪಡಸಾಲೆಗೆ ಸಾಗಿಸಿದೆ. ಒಂದೇ ದಿನದ ಕೆಲಸ. ಹನ್ನೊಂದಕ್ಕೆ ಫೋನ್ ಬರುವುದಿಲ್ಲ. ನಾನೇ ಮಾಡುತ್ತೇನೆ. ಎತ್ತುತ್ತಾಳೆ. ಆಕ್ಸಿಜನ್ ಯಂತ್ರದ ಟಿಕ್ ಟಿಕ್ ಕೇಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ "ಹೊಂಟ್ಳು" ಅನ್ನುತ್ತಾಳೆ. ಅಷ್ಟೇ. ನನ್ನನ್ನು ಬೈದು, ಹಂಗಿಸಿ, ನಾಲ್ಕು ಜನರ ಮುಂದೆ ನಗೆಗೀಡು ಮಾಡಲಿ ಎಂದು ಕಾಯುತ್ತೇನೆ. ಅಷ್ಟು ಮಾತಿಗೆ ಸಾಲುವಷ್ಟು ಉಸಿರು ಅವಳಲ್ಲಿಲ್ಲ.

ನೀವು ಕೊಳ್ಳುವವರಿದ್ದರೆ ಕೇಳಿ. ನಿಮ್ಮ ಮನೆಯ ಕಸ ಒಯ್ದು ಅಂಗಡಿಯಲ್ಲೇ ಸುರಿದು ಪರೀಕ್ಷಿಸಿ, ನಾಚಿಕೆ ಬೇಡ. ಮನೆಯಲ್ಲಿ ಉಸಿರಿನ ತೊಂದರೆ ಇದ್ದವರಿದ್ದರೆ ಡಬ್ಬಿಯ ಡಾಕ್ ಬೇಡ, ಚೀಲದ್ದೇ ತನ್ನಿ. ಯಂತ್ರದ ಬೆಲೆಯಲ್ಲಿ ಎಷ್ಟು ಬೇಕಾದರೂ ಜಗ್ಗಾಡಿ, ಚೀಲದ ಬೆಲೆಯಲ್ಲಿ ಬೇಡ. ವರ್ಷಕ್ಕೆ ಎಷ್ಟು ಚೀಲ ಬೇಕಾಗುತ್ತದೆ ಎಂಬುದನ್ನು ಕಂಪನಿಯ ಮಾತಿನಿಂದಲ್ಲ, ನಿಮ್ಮ ರಸ್ತೆಯನ್ನು ನೋಡಿ ಲೆಕ್ಕ ಹಾಕಿ. ಡಾಕನ್ನು ಯಾರೂ ಮಲಗದ, ಕೂರದ ಕಡೆ ಇಡಿ, ವೈರಿಂಗಿನ ಖರ್ಚು ನೋಡಬೇಡಿ. ಒಳಗಿನ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಅದಕ್ಕೂ ಚೀಲಕ್ಕೂ ಗಾಳಿ ಹೊಡೆಸಬೇಡಿ. ತಿಂಗಳಿಗೊಮ್ಮೆ ಡಾಕಿನ ಹಿಂದಿನ ಗೋಡೆಗೆ ಬಿಳಿ ಬಟ್ಟೆ ಒತ್ತಿ ನೋಡಿ. ಮನೆಯಲ್ಲಿ ಯಾರಾದರೂ ವಾಸನೆ ಬರುತ್ತಿದೆ ಅಂದರೆ ಲೈಟಿನ ಬಣ್ಣ ಕೇಳಬೇಡಿ. ಅಂಗಡಿಗೆ ಒಂದು ದಿನ ಬಾಗಿಲು ಹಾಕಿ, ಅವರು ಕೂರುವ ಜಾಗದಲ್ಲಿ, ಅವರು ಕೂರುವ ಹೊತ್ತಿನಲ್ಲಿ ಹೋಗಿ ಕೂತು ನೋಡಿ. ಆಮೇಲೆ ಎದ್ದು, ಅರ್ಧ ಖಾಲಿ ಇದ್ದರೂ ಸರಿ, ಹಳೆಯ ಚೀಲ ಬಿಸಾಡಿ ಹೊಸದು ಹಾಕಿ.